ವೆಸ್ಟ್‌ವುಡ್ ಬಿಟ್ಟುಹೋದದ್ದು

ಆಶ್ಲಿ ವೆಸ್ಟ್‌ವುಡ್ 2013ರಲ್ಲಿ ಬೆಂಗಳೂರಿಗೆ ಬಂದಾಗ ಫುಟ್‌ಬಾಲ್ ಕೋಚ್ ಆಗಿ ಅವರ ಹೆಸರಿನಲ್ಲಿ ದೊಡ್ಡ ಪ್ರಶಸ್ತಿಯೇನೂ ಇರಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದು, ಇಂಗ್ಲೆಂಡಿನ ಸಣ್ಣಪುಟ್ಟ ಕ್ಲಬ್‌ಗಳಲ್ಲಿ ಆಡಿ, ಸಹಾಯಕ ಕೋಚ್ ಆಗಿದ್ದವರು. ಬೆಂಗಳೂರಿನ ನಂತರ ಮಲೇಷ್ಯಾದ ಪೆನಾಂಗ್, ಕೋಲ್ಕತ್ತ, ಪಂಜಾಬ್, ಅಫ್ಘಾನಿಸ್ತಾನ, ಹಾಂಗ್‌ಕಾಂಗ್ ಎಂದು ಅವರು ಸುತ್ತಿದರು. ಕಪ್‌ಗಳನ್ನಷ್ಟೇ ಎಣಿಸಿದರೆ ಇಲ್ಲಿನ ಮೂರು ವರ್ಷ ಬಿಟ್ಟು ಹೇಳಿಕೊಳ್ಳುವಂಥದ್ದು ಕಡಿಮೆ. ಆದರೆ ಊರೂರು ತಿರುಗುವ ಕೋಚ್‌ನ ಬೆಲೆ ತಿಳಿಯುವುದು ಆತ ಹೋದ ಮೇಲೆ ತಂಡದಲ್ಲಿ ಉಳಿದದ್ದರಿಂದ. ಹಾಗೆ ನೋಡಿದರೆ ಅವರದು ಕನ್ನಡ ನೆಲದ ಫುಟ್‌ಬಾಲ್ ಕಂಡ ಅತಿ ಗಟ್ಟಿಯಾದ ಕೆಲಸ. ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೆ ಗೆದ್ದಿತು. ನನಗೆ ಇವೆರಡಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನದು: ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್‌ನಲ್ಲಿ ಅವರು ಕ್ವಾರ್ಟರ್ ಫೈನಲ್ ಮುಟ್ಟಿಸಿದ ತಂಡವನ್ನು, ಅವರು ಹೋದ ಮೇಲೆ ಬಂದ ಸ್ಪೇನ್‌ನ ಆಲ್ಬರ್ಟ್ ರೋಕಾ ಅದೇ ವರ್ಷದ ನವೆಂಬರಿನಲ್ಲಿ ದೋಹಾದ ಫೈನಲ್‌ಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಹಂತ ಕಂಡಿರಲಿಲ್ಲ. ರೋಕಾ ಆಟದ ಶೈಲಿ ಬದಲಿಸಿದರು. ಆ ಬದಲಾವಣೆಯನ್ನು ತಾಳಿಕೊಳ್ಳುವ ಮೈಕಟ್ಟು, ಶಿಸ್ತು ಮೊದಲೇ ಸಿದ್ಧವಾಗಿತ್ತು.

ಕ್ಲಬ್‌ನ ಒಡೆಯರಾದ ಜೆಎಸ್‌ಡಬ್ಲ್ಯು ಹಣವಿದ್ದರೆ ಯಾರು ಬೇಕಾದರೂ ಗೆಲ್ಲುತ್ತಿದ್ದರು ಎನ್ನುವವರಿದ್ದಾರೆ. ಆದರೆ ದೊಡ್ಡ ಪ್ರಾಯೋಜಕರಿದ್ದ ಈಸ್ಟ್ ಬೆಂಗಾಲ್ ಒಮ್ಮೆಯೂ ಐ-ಲೀಗ್ ಗೆಲ್ಲಲಿಲ್ಲ. ಕಾರ್ನರ್, ಫ್ರೀ ಕಿಕ್, ಉದ್ದನೆಯ ಥ್ರೋಗಳನ್ನು ನೆಚ್ಚಿದ ವೆಸ್ಟ್‌ವುಡ್ ಆಟದಲ್ಲಿ ಸೊಗಸಿಲ್ಲ ಎಂಬ ದೂರು ಮಾತ್ರ ಒಪ್ಪತಕ್ಕದ್ದೇ. ಆದರೂ ಕೈಯಲ್ಲಿರುವ ಆಟಗಾರರಿಂದ ಆಗುವಷ್ಟನ್ನು ಪೂರ್ತಿ ಪಡೆಯುವ ಬುದ್ಧಿ ಅದು. ಅದಕ್ಕೆ ಸಾಕ್ಷಿ ಮುಂದೆ ಸಿಕ್ಕಿತು: 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ಭಾರತದ ಸುನಿಲ್ ಛೆಟ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯದಲ್ಲಿ ಮೊದಲ ಗೋಲು ಹೊಡೆದರೂ, ಪ್ರಮುಖ ಆಟಗಾರರು ಬಹಿಷ್ಕಾರ ಹಾಕಿ ಹೊರಗುಳಿದಿದ್ದ ಅಫ್ಘಾನಿಸ್ತಾನ ಭಾರತವನ್ನು 2–1ರಿಂದ ಸೋಲಿಸಿತು. ಮರುವರ್ಷ ಜೂನ್‌ನಲ್ಲಿ ಹಾಂಗ್‌ಕಾಂಗ್ ಭಾರತದ ವಿರುದ್ಧ 1–0ರಿಂದ ಗೆದ್ದಿತು. ಎರಡೂ ಕಡೆ ಕೋಚ್ ವೆಸ್ಟ್‌ವುಡ್. ಭಾರತದ ಆಟಗಾರನ ಬಲ, ದೌರ್ಬಲ್ಯಗಳನ್ನು ಅವರು ಕಲಿತದ್ದು ಬೆಂಗಳೂರಿನಲ್ಲಿ.

ಬೆಂಗಳೂರಿನ ಈ ಗೆಲುವುಗಳಿಂದ ಚಾಮರಾಜನಗರದಂಥ ಜಿಲ್ಲೆಗೇನು ಬಂತು ಎಂಬ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಈ ಜಿಲ್ಲೆಯ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಕೇರಳದ ಸುಲ್ತಾನ್ ಬತ್ತೇರಿ. ಆ ಕಡೆ ಏಳೇಳು ಜನರ ಸೆವೆನ್ಸ್ ಫುಟ್‌ಬಾಲ್ ಪಂದ್ಯಕ್ಕೆ ಊರೇ ಸೇರುತ್ತದೆ, ಈ ಕಡೆ ಹುಡುಗರ ಕೈಯಲ್ಲಿ ಕ್ರಿಕೆಟ್ ಬ್ಯಾಟು. ಇದನ್ನು ವೆಸ್ಟ್‌ವುಡ್ ತಲೆಗೆ ಕಟ್ಟುವುದು ಅನ್ಯಾಯ. ಅವರನ್ನು ಕರೆಸಿದ್ದು ಪಂದ್ಯ ಗೆಲ್ಲಲು. ಆದರೆ ಅವರು ಕಲಿಸಿದ ಶಿಸ್ತು, ಅಂದರೆ ಊಟ, ನಿದ್ದೆ, ಓಟದ ಲೆಕ್ಕ, ಪಂದ್ಯವನ್ನು ವಿಡಿಯೊದಲ್ಲಿ ಮತ್ತೆ ನೋಡಿ ತಪ್ಪು ತಿದ್ದುವುದು, ಇವು ಚಾಮರಾಜನಗರದ ಜಿಲ್ಲಾ ಕ್ರೀಡಾಂಗಣದಲ್ಲೂ ಆಗುವ ಕೆಲಸಗಳು, ಹೇಳಿಕೊಡುವವರಿದ್ದರೆ. ಮುಂದಿನ ವಿದೇಶಿ ಕೋಚ್‌ನ ಒಪ್ಪಂದದಲ್ಲಿ, ಜಿಲ್ಲೆಗಳ ದೈಹಿಕ ಶಿಕ್ಷಕರಿಗೆ ವರ್ಷಕ್ಕೊಂದು ವಾರ ಪಾಠ ಮಾಡಬೇಕೆಂಬ ಷರತ್ತು ಸೇರಿಸಲು ಕ್ಲಬ್‌ಗಳಿಗೆ ಅಡ್ಡಿಯೇನು?