ಅಡಗಿದ ಗೆಡ್ಡೆ, ಅವಸರದ ಥಿಯೇಟರ್

ಬೆಂಗಳೂರಿನ ಆರ್.ಟಿ. ನಗರದಂಥ ಬಡಾವಣೆಯ ನರ್ಸಿಂಗ್ ಹೋಂಗಳಲ್ಲಿ ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಮಾಮೂಲಿ ಕೆಲಸ. ಹೊಟ್ಟೆಗೆ ಗ್ಯಾಸ್ ತುಂಬುತ್ತಿದ್ದಂತೆ 130 ಇದ್ದ ಬಿ.ಪಿ. 240ಕ್ಕೆ ಹಾರಿದರೆ, ಅರಿವಳಿಕೆ ಸಾಲದೇನೋ ಎಂದು ಮೊದಲು ಅನ್ನಿಸುವುದು ಸಹಜ. ಔಷಧ ಹೆಚ್ಚಿಸಿದರೂ ಇಳಿಯದಿದ್ದರೆ ಫಿಯೋಕ್ರೋಮೋಸೈಟೋಮ ನೆನಪಾಗಲೇಬೇಕು. ಮೂತ್ರಪಿಂಡದ ನೆತ್ತಿಯಲ್ಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದು, ಅಡ್ರಿನಲಿನ್, ನಾರಡ್ರಿನಲಿನ್‌ಗಳನ್ನು ರಕ್ತಕ್ಕೆ ಸುರಿಯುವ ಗೆಡ್ಡೆ ಅದು.

ಗೆಡ್ಡೆ ಇದೆಯೆಂದು ಮೊದಲೇ ಗೊತ್ತಿದ್ದರೆ ವೈದ್ಯರು ಪಾಲಿಸುವ ಶಿಸ್ತು ಮೆಚ್ಚುವಂಥದ್ದು. ಒಂದೆರಡು ವಾರ ರಕ್ತನಾಳಗಳ ಬಿಗಿತ ಸಡಿಲಿಸುವ ಪ್ರಾಝೋಸಿನ್‌ನಂಥ ಆಲ್ಫಾ ತಡೆಮಾತ್ರೆ, ಜತೆಗೆ ಧಾರಾಳ ಉಪ್ಪು, ನೀರು. ನಾಡಿ ಓಡುತ್ತಿದ್ದರೆ ಆಮೇಲಷ್ಟೇ ಬೀಟಾ ತಡೆಮಾತ್ರೆ. ಆಪರೇಶನ್ನಿನ ಹಿಂದಿನ 24 ಗಂಟೆ ಬಿ.ಪಿ. 160/90 ದಾಟಿರಬಾರದು ಎಂಬ, ಅರಿವಳಿಕೆ ತಜ್ಞ ರೊಯಿಝನ್ ಅವರ 1982ರ ಮಾನದಂಡ ಇಂದಿಗೂ ಕೈಮರ. ಆಲ್ಫಾ ತಡೆಯೇ ಬೇಡವೆಂಬ ವಾದವೂ ಈಚೆಗೆ ಎದ್ದಿದೆ. ನುರಿತ ದೊಡ್ಡ ಕೇಂದ್ರಗಳ ಆ ಧೈರ್ಯವನ್ನು ಸಣ್ಣ ಆಸ್ಪತ್ರೆಗಳು ಅನುಕರಿಸಬಾರದು.

ಆದರೆ ಈ ಶಿಸ್ತೆಲ್ಲ ಪತ್ತೆಯಾದವರಿಗೆ. ಮೇಯೋ ಕ್ಲಿನಿಕ್ಕಿನಲ್ಲಿ 1928ರಿಂದ 1977ರವರೆಗೆ ಶವಪರೀಕ್ಷೆಯಲ್ಲಿ ಕಂಡ 54 ಪ್ರಕರಣಗಳಲ್ಲಿ 41 ಬದುಕಿದ್ದಾಗ ಅನುಮಾನಕ್ಕೂ ಬಂದಿರಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಅರಿವಳಿಕೆಗೆ ಮುಂಚಿನ ತಪಾಸಣೆ ಎಷ್ಟೋ ಕಡೆ ಇಸಿಜಿ, ಶುಗರ್, ಸಹಿಗಳಲ್ಲೇ ಮುಗಿಯುತ್ತದೆ. ತಲೆನೋವು, ಬೆವರು, ಎದೆ ಡವಡವ ಮೂರೂ ಒಟ್ಟಿಗೆ ಬಂದುಹೋಗುತ್ತವೆಯೇ? ಮೂರು ಬಗೆಯ ಮಾತ್ರೆಗೂ ಬಿ.ಪಿ. ಬಗ್ಗುತ್ತಿಲ್ಲವೇ? ಇಷ್ಟು ಕೇಳಲು ಎರಡು ನಿಮಿಷ ಸಾಕು. ಮಧ್ಯವಯಸ್ಸಿನ ಹೆಂಗಸರು ಇದನ್ನೇ ಹೇಳಿಕೊಂಡರೆ 'ಮುಟ್ಟು ನಿಲ್ಲೋ ಕಾಲ, ಗಾಬರಿ ಅಷ್ಟೇ' ಎಂದು ತಳ್ಳಿಹಾಕುವುದು ಅನ್ಯಾಯ. ವಾಂತಿಯಾಗದಿರಲೆಂದು ಅಭ್ಯಾಸಬಲದಿಂದ ಕೊಡುವ ಪೆರಿನಾರ್ಮ್ ಇಂಜೆಕ್ಷನ್ ಕೂಡ ಈ ಗೆಡ್ಡೆಯನ್ನು ಕೆರಳಿಸಬಲ್ಲದು.

ಇನ್ನೊಂದು ಅಪಾಯಕಾರಿ ಅಭ್ಯಾಸ, ನಾಡಿ ಓಡುವುದನ್ನು ಕಂಡೊಡನೆ ಬೀಟಾ ತಡೆ ಔಷಧ ಚುಚ್ಚುವುದು. ರಕ್ತನಾಳಗಳು ಬಿಗಿದುಕೊಂಡೇ ಇರುವಾಗ ಹೃದಯದ ಬಲ ಕುಂದಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆಪರೇಶನ್ ನಡುವೆ ಬಿ.ಪಿ. ಹಾರಿದರೆ ಮೊದಲು ಗ್ಯಾಸ್ ಹೊರಬಿಟ್ಟು ಕೈ ನಿಲ್ಲಿಸಬೇಕು. ಆಮೇಲೆ ನೈಟ್ರೊಗ್ಲಿಸರಿನ್, ಮೆಗ್ನೀಸಿಯಂ ಸಲ್ಫೇಟ್. ಹೆರಿಗೆ ಮಾಡಿಸುವ ಕಡೆ ಬಾಣಂತಿ, ಬಸುರಿಯರ ಫಿಟ್ಸ್‌ಗೆಂದು ಮೆಗ್ನೀಸಿಯಂ ಇಟ್ಟಿರುತ್ತಾರೆ, ಅಗ್ಗದ ಔಷಧ. ಥಿಯೇಟರಿನಲ್ಲಿ ಅದು ಯಾರಿಗೂ ನೆನಪಾಗದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

'ಹೇಗೂ ತೂತು ಹಾಕಿದ್ದೇವೆ, ಮುಗಿಸಿಬಿಡೋಣ' ಎಂದು ಸರ್ಜನ್ ಅಂದರೂ ಕಲ್ಲು ಕಾಯುತ್ತದೆ. ಬೇಡವೆನ್ನುವ ಅಧಿಕಾರ ಅರಿವಳಿಕೆ ತಜ್ಞರಿಗೆ ಇರಲೇಬೇಕು. ಏರಿದ ಬಿ.ಪಿ., ಕೊಟ್ಟ ಔಷಧ, ನಿಲ್ಲಿಸಿದ ಕಾರಣ ಎಲ್ಲವನ್ನೂ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದು, ಈ ಗೆಡ್ಡೆಯನ್ನು ಪತ್ತೆಹಚ್ಚುವ ಮೆಟನೆಫ್ರಿನ್ ಪರೀಕ್ಷೆಗೆಂದು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಇಲ್ಲದಿದ್ದರೆ ಅದೇ ರೋಗಿ ಅದೇ ಕಲ್ಲು ಹೊತ್ತು ಇನ್ನೊಂದು ನರ್ಸಿಂಗ್ ಹೋಂನ ಟೇಬಲ್ ಮೇಲೆ ಮಲಗುತ್ತಾರೆ.