ಉಜ್ಜನ ಕೈ, ದಾವೀದನ ಗಾಡಿ

ಎತ್ತುಗಳು ಮುಗ್ಗರಿಸಿದವು, ಉಜ್ಜ ಕೈಚಾಚಿ ದೇವರ ಮಂಜೂಷವನ್ನು ಹಿಡಿದ, ಅಲ್ಲೇ ಸತ್ತ. ಸಮುವೇಲನ ಎರಡನೆಯ ಪುಸ್ತಕದ 6ನೇ ಅಧ್ಯಾಯ ಓದಿದವರೆಲ್ಲ ಕೇಳುತ್ತಾರೆ: ಬೀಳುವುದನ್ನು ತಡೆಯಹೋದವನಿಗೆ ಇದೆಂಥ ಶಿಕ್ಷೆ? ನ್ಯಾಯವಾದ ಪ್ರಶ್ನೆಯೇ. ಆದರೆ ಅದು ಕೈಯನ್ನಷ್ಟೇ ನೋಡುತ್ತದೆ, ಅರಸ ದಾವೀದ ಮಂಜೂಷವನ್ನು ಹೇರಿಸಿದ ಗಾಡಿಯನ್ನು ನೋಡುವುದಿಲ್ಲ. ವಿಮೋಚನಕಾಂಡದ ಪ್ರಕಾರ ಮಂಜೂಷದ ಬಳೆಗಳಲ್ಲಿ ಚಿನ್ನ ಹೊದಿಸಿದ ಜಾಲೀಮರದ ಕೋಲುಗಳಿರಬೇಕು, ಅವನ್ನು ಎಂದಿಗೂ ತೆಗೆಯಕೂಡದು. ಕೋಲಿಗೆ ಹೆಗಲು ಕೊಟ್ಟವನು ಮಂಜೂಷವನ್ನು ಮುಟ್ಟಬೇಕಾಗಿಯೇ ಬರುವುದಿಲ್ಲ. ಅರಣ್ಯಕಾಂಡದಲ್ಲಿ ಮೋಶೆ 6 ಗಾಡಿ, 12 ಎತ್ತುಗಳನ್ನು ಹಂಚುವಾಗ ಗೇರ್ಷೋನ್ಯರಿಗೂ ಮೆರಾರೀಯರಿಗೂ ಕೊಟ್ಟು, ಪರಿಶುದ್ಧ ವಸ್ತುಗಳನ್ನು ಹೊರುವ ಕೆಹಾತ್ಯರಿಗೆ ಒಂದನ್ನೂ ಕೊಡಲಿಲ್ಲ. ಅವರದು ಹೆಗಲ ಮೇಲಿನ ಕೆಲಸ. ಮುಟ್ಟಿದರೆ ಸಾವು ಎಂಬ ಎಚ್ಚರಿಕೆಯೂ ಅವರಿಗಿತ್ತು. ಹೊಸ ಗಾಡಿ ಹೂಡಿದ ಗಳಿಗೆಯಲ್ಲೇ ಕೈಚಾಚುವ ಪ್ರಮೇಯ ಹುಟ್ಟಿತು.

ಫಿಲಿಷ್ಟಿಯರೂ ಹೊಸ ಗಾಡಿಯಲ್ಲೇ ಮಂಜೂಷವನ್ನು ಕಳಿಸಿದ್ದರಲ್ಲ, ಅವರಿಗೇನೂ ಆಗಲಿಲ್ಲವಲ್ಲ ಎನ್ನಬಹುದು. ಅವರಿಗೆ ಮೋಶೆಯ ವಿಧಿ ಗೊತ್ತಿರಲಿಲ್ಲ. ದಾವೀದನಿಗೆ ಆ ನೆಪವಿಲ್ಲ. ಪರರು ತೋಚಿದಂತೆ ಮಾಡಿದ್ದನ್ನು ಅವನು ವೈಭವಕ್ಕೆ ಒದಗುವ ಮಾದರಿಯೆಂದು ಎತ್ತಿಕೊಂಡ. ಸದುದ್ದೇಶಕ್ಕೆ ಬೆಲೆಯೇ ಇಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇದೆ. ಹಿಜ್ಕೀಯನ ಕಾಲದಲ್ಲಿ ಶುದ್ಧಿ ಮಾಡಿಕೊಳ್ಳದೆಯೇ ಎಷ್ಟೋ ಜನ ಪಸ್ಕದ ಊಟ ಮಾಡಿದರು. ದೇವರನ್ನು ಹುಡುಕಲು ಮನಸ್ಸುಮಾಡಿದ ಅವರನ್ನು ಕ್ಷಮಿಸೆಂದು ಅರಸ ಬೇಡಿದ, ಯೆಹೋವನು ಕೇಳಿಸಿಕೊಂಡ. ಅಲ್ಲಿ ಕೊರತೆಯನ್ನು ಕೊರತೆಯೆಂದೇ ಒಪ್ಪಿ ಬೇಡಿಕೊಂಡರು. ಇಲ್ಲಿ ವಾದ್ಯಗಳ ಅಬ್ಬರದಲ್ಲಿ, 30,000 ಜನರ ಮೆರವಣಿಗೆಯಲ್ಲಿ, ಕ್ರಮವೇನೆಂದು ಯಾರೂ ವಿಚಾರಿಸಲಿಲ್ಲ.

ಇಷ್ಟಾದರೂ ಉಜ್ಜನ ಸಾವು ನನಗೆ ಹಗುರವಾಗಿ ಕಾಣುವುದಿಲ್ಲ. ಗಾಡಿಯ ನಿರ್ಧಾರ ಅರಸನದು, ಜೀವ ತೆತ್ತವನು ಗಾಡಿಯ ಪಕ್ಕದಲ್ಲಿದ್ದವನು. ಅವಿಧೇಯನಿಗೆ ತಕ್ಕದ್ದಾಯಿತು ಎಂದು ಮುಂದೆ ಸಾಗುವ ಪ್ರಸಂಗಿಗಳು ಈ ಭಾರವನ್ನು ಇಳಿಸಿಬಿಡುತ್ತಾರೆ, ಮೂಲಕಥೆ ಇಳಿಸುವುದಿಲ್ಲ. ಅದು ದಾವೀದನ ಸಿಟ್ಟನ್ನೂ ಭಯವನ್ನೂ ಹಾಗೆಯೇ ಉಳಿಸಿಕೊಂಡಿದೆ. ಮಂಜೂಷ ಮೂರು ತಿಂಗಳು ಓಬೇದೆದೋಮನೆಂಬವನ ಮನೆಯಲ್ಲಿತ್ತು. ಆಮೇಲೆ ದಾವೀದ ಲೇವಿಯರನ್ನು ಕರೆಸಿ, ನಾವು ವಿಧಿಯಂತೆ ದೇವರನ್ನು ವಿಚಾರಿಸಲಿಲ್ಲ ಎಂದು ತನ್ನನ್ನೂ ಸೇರಿಸಿಕೊಂಡೇ ಒಪ್ಪಿಕೊಂಡನೆಂದು ಪೂರ್ವಕಾಲವೃತ್ತಾಂತ ಹೇಳುತ್ತದೆ. ಈ ಸಲ ಕೋಲುಗಳು ಹೆಗಲೇರಿದವು. ಉಜ್ಜ ಸತ್ತ, ಕಣದ ಬಳಿಯ ಆ ಜಾಗಕ್ಕೆ ಮಾತ್ರ ಉಜ್ಜನ ಹೆಸರೇ ಉಳಿಯಿತು.