ಗೀರಿನೊಳಗಿನ ನೆರಳು

ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹೋದವರು ಕಲ್ಲೇಶ್ವರನಿಗೆ ಕೈಮುಗಿಯುವ ಮುನ್ನ ದಕ್ಷಿಣದ ಬಾಗಿಲುವಾಡದ ಮುಂದೆ ಒಂದಿಷ್ಟು ಹೊತ್ತು ನಿಲ್ಲಬೇಕು. ರಾಷ್ಟ್ರಕೂಟರ ಕಾಲದಲ್ಲಿ ಶುರುವಾಗಿ, 10ನೇ ಶತಮಾನದ ಕೊನೆಗೆ ಕಲ್ಯಾಣ ಚಾಲುಕ್ಯರ ಕೈಯಲ್ಲಿ ಬೆಳೆದ ಗುಡಿಯಿದು. ಮಿಥುನಶಿಲ್ಪಗಳ ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಜನ ಈ ಬಾಗಿಲನ್ನು ದಾಟಿಬಿಡುತ್ತಾರೆ.

ಇದನ್ನು ಕೆತ್ತಿದ ಬಳಪದ ಕಲ್ಲು ನೆಲದಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಬಿಗಿಯಾಗುತ್ತದೆ. ಪಟ್ಟಿಪಟ್ಟಿಯಾಗಿ ಮೇಲೇರುವ ಕೆತ್ತನೆ ಇಷ್ಟು ನವುರಾಗಿ ಬಂದದ್ದು ಹಾಗೆ. ಒಳಗೆ ತಿರುಗಣೆಯಲ್ಲಿ ಕಡೆದ ಕಂಬಗಳೂ ಇವೆ. ನನ್ನ ಮಟ್ಟಿಗೆ ಬಾಗಿಲೇ ಮೇಲು. ಅದರ ಗೀರುಗಳನ್ನು ನೋಡುವಾಗ ತಾಮ್ರದಲ್ಲಿ ಗೀರು ಕೊರೆದವನೊಬ್ಬ ನೆನಪಾಗುತ್ತಾನೆ.

ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫನ ಆಸ್ಥಾನದಲ್ಲಿದ್ದ ಆಂಟ್‌ವರ್ಪ್‌ನ ಎಗಿಡಿಯಸ್ ಸಾಡೆಲರ್ (ಮರಣ 1629) ಚಿತ್ರಕಾರ ಸಾವೆರಿಯ ಬೆಟ್ಟ, ಕಾಡುಗಳನ್ನು ತಾಮ್ರದ ತಗಡಿಗೆ ಇಳಿಸಿದ. ಉಕ್ಕಿನ ಮೊನೆಯಿಂದ ಕೊರೆದ ಅವನ ಗೀರಿನಲ್ಲಿ ಮಸಿ ಕೂರುತ್ತದೆ; ಬಾಗಳಿಯ ಗೀರಿನಲ್ಲಿ ನೆರಳು. ಕಾಗದಕ್ಕೆ ಒತ್ತಿದ ಮಸಿ ಕದಲುವುದಿಲ್ಲ. ಇಲ್ಲಿ ಬಿಸಿಲು ಓರೆಯಾದಾಗ ಕೆತ್ತಿದ ಬಳ್ಳಿ ಕಲ್ಲಿನಿಂದ ಎದ್ದುನಿಲ್ಲುತ್ತದೆ, ನೆತ್ತಿಗೇರಿದಾಗ ಮತ್ತೆ ಬೇರೆಯೇ. ತಾಮ್ರದಲ್ಲಿ ಗೀರು ತಪ್ಪಿದರೆ ಕೆರೆದು, ಉಜ್ಜಿ ಸರಿಮಾಡಬಹುದಿತ್ತು. ಬಾಗಳಿಯ ರೂವಾರಿಗೆ ಆ ಅನುಕೂಲವೂ ಇರಲಿಲ್ಲ.